ಗುರುಗಳ ಅಡ್ಡಹೆಸರುಗಳು

ಮನುಷ್ಯನಿಗೆ ಹೆಸರು ಎರಡು ಕಡೆಗಳಿಂದ ಬರುವುದು. ಒಂದನ್ನು ತಂದೆತಾಯಿಗಳು ತೊಟ್ಟಿಲ ಬಳಿಯಲ್ಲಿ ಇಡುವರು. ಮತ್ತೊಂದನ್ನು ಲೋಕವು ಅವನ ನಡೆನುಡಿಗಳನ್ನು ಕಂಡು ಇಡುವುದು. ಮೊದಲನೆಯದು ಹಾರೈಕೆ, ಎರಡನೆಯದು ತೀರ್ಪು. ಬೇರೆ ವೃತ್ತಿಗಳವರು ಈ ಎರಡನೆಯ ನಾಮಕರಣದಿಂದ ತಪ್ಪಿಸಿಕೊಂಡಾರು. ಉಪಾಧ್ಯಾಯರಿಗೆ ಮಾತ್ರ ಅದು ತಪ್ಪಿದ್ದಲ್ಲ. ವಕೀಲನನ್ನು ಕಕ್ಷಿಗಾರನು ವರ್ಷಕ್ಕೆ ನಾಲ್ಕು ಸಾರಿ ನೋಡಿಯಾನು. ವೈದ್ಯನನ್ನು ರೋಗಿಯು ಜ್ವರ ಬಂದಾಗ ನೋಡಿಯಾನು. ಉಪಾಧ್ಯಾಯನನ್ನಾದರೋ ಹತ್ತಾರು ಜೊತೆ ಎಳೆಯ ಕಣ್ಣುಗಳು ದಿನವೂ ಗಂಟೆಗಟ್ಟಲೆ, ನೋಡುವುದಕ್ಕೆ ಬೇರೇನೂ ಇಲ್ಲದೆ, ನೋಡುತ್ತಿರುವುವು. ಅವನ ರುಮಾಲು ಯಾವ ಕಡೆಗೆ ವಾಲಿದೆ, ಯಾವ ಪದವನ್ನು ಅವನು ಮಾತುಮಾತಿಗೂ ಬಳಸುವನು, ಕೋಪ ಬಂದಾಗ ಅವನ ಹುಬ್ಬು ಹೇಗೆ ಏರುವುದು ಎಂಬುದೆಲ್ಲ ಪಾಠಕ್ಕಿಂತ ಮೊದಲೇ ಹುಡುಗರಿಗೆ ಬಾಯಿಪಾಠವಾಗಿರುವುದು. ಈ ಅವಲೋಕನದ ಸಾರವನ್ನು ಒಂದು ಪದದಲ್ಲಿ ಇಳಿಸಿದರೆ ಅದೇ ಅಡ್ಡಹೆಸರು.

ಇದು ಚರಿತ್ರೆಗೆ ತಕ್ಕ ವಿಷಯವೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಅರಸರ ಬಿರುದಾವಳಿಗಳನ್ನು ಶಾಸನಗಳಿಂದ ಹೆಕ್ಕಿ ನಾವು ಶ್ರದ್ಧೆಯಿಂದ ಚರ್ಚಿಸುವೆವು. ಬಿರುದನ್ನು ಆಶ್ರಿತರು ಎದುರಿನಲ್ಲಿ, ಸ್ತುತಿಗಾಗಿ ಕೊಡುವರು. ಅಡ್ಡಹೆಸರನ್ನು ಅಧೀನರು ಮರೆಯಲ್ಲಿ, ಯಾವ ಪ್ರತಿಫಲದ ಆಸೆಯೂ ಇಲ್ಲದೆ ಕೊಡುವರು. ಅಧೀನರಾದವರು ತಮ್ಮನ್ನಾಳಿದವರ ವಿಷಯದಲ್ಲಿ ಏನೆಂದುಕೊಂಡಿದ್ದರೆಂಬುದನ್ನು ತಿಳಿಸುವ ಸಾಕ್ಷ್ಯಗಳು ಚರಿತ್ರೆಯಲ್ಲಿ ಬಹು ವಿರಳ. ಅದರಲ್ಲಿಯೂ ಹುಡುಗರು ಶಾಸನಗಳನ್ನು ಕೊರೆಯಿಸಿದವರಲ್ಲ, ದಫ್ತರಗಳನ್ನು ಇಟ್ಟವರಲ್ಲ. ಅವರು ನಮಗೆ ಬಿಟ್ಟುಹೋಗಿರುವ ದಾಖಲೆಯೆಂದರೆ ಇಂತಹ ಹೆಸರುಗಳೇ. ಈ ಸಾಕ್ಷ್ಯವು ಎಷ್ಟರ ಮಟ್ಟಿಗೆ ನಂಬತಕ್ಕದ್ದು, ಅದು ಏನನ್ನು ಉಳಿಸುವುದು, ಏನನ್ನು ಅಳಿಸುವುದು ಎಂಬುದನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ದೇಶದ ಮಾತನ್ನೇ ನೋಡೋಣ. ಪೂರ್ವಕಾಲದ ಗುರುಕುಲಗಳಲ್ಲಿ ಇಂತಹ ಅವಿನಯಕ್ಕೆ ಅವಕಾಶವೇ ಇರಲಿಲ್ಲವೆಂದು ಹೇಳುವುದು ರೂಢಿ. ಆದರೆ ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಬ್ರಹ್ಮಚಾರಿಯ ಧರ್ಮಗಳನ್ನು ವಿವರಿಸುವಲ್ಲಿ, ಶಿಷ್ಯನು ಗುರುವಿನ ಹೆಸರನ್ನು ಪರೋಕ್ಷದಲ್ಲಿಯೂ ಬರಿದಾಗಿ ಉಚ್ಚರಿಸಕೂಡದೆಂದೂ, ಗುರುವಿನ ನಡಗೆ, ಮಾತು, ಚೇಷ್ಟೆಗಳನ್ನು ಅನುಕರಿಸಕೂಡದೆಂದೂ ವಿಧಿಸಿದೆ. ಗುರುವಿನ ಪರಿವಾದವನ್ನಾಡಿದವನು ಕತ್ತೆಯಾಗಿಯೂ, ನಿಂದಿಸಿದವನು ನಾಯಿಯಾಗಿಯೂ ಹುಟ್ಟುವನೆಂದು ಅಲ್ಲಿಯೇ ಎಚ್ಚರಿಕೆಯನ್ನೂ ಕೊಟ್ಟಿದೆ. ಯಾರೂ ಮಾಡದ ಕೆಲಸವನ್ನು ಯಾವ ಧರ್ಮಶಾಸ್ತ್ರವೂ ನಿಷೇಧಿಸುವುದಿಲ್ಲ. ಗುರುಗಳು ಸ್ನಾನಕ್ಕೆ ಹೋದಾಗ ಅವರಂತೆ ಕುಂಟಿ ನಡೆದು, ಅವರಂತೆ ಕೆಮ್ಮಿ, ಸಂಗಡಿಗರನ್ನು ನಗಿಸಿದ ವಟುಗಳು ಆ ಕಾಲದಲ್ಲಿಯೂ ಇದ್ದರೆಂಬುದಕ್ಕೆ ಈ ನಿಷೇಧವೇ ಪ್ರಮಾಣ. ಇನ್ನೊಂದು ಅಂಶವೂ ಗಮನಾರ್ಹ. ಗುರುವಿನ ಹೆಸರನ್ನು ಹೇಳಬಾರದೆಂದ ಮೇಲೆ, ಗುರುವನ್ನು ಕುರಿತು ಮಾತನಾಡಬೇಕಾದ ಶಿಷ್ಯನಿಗೆ ಬೇರೊಂದು ಹೆಸರು ಬೇಕಾಗುವುದು ಸಹಜ. ಗೌರವವುಳ್ಳವನು ‘ಆಚಾರ್ಯರು’ ಎಂದಾನು. ತುಂಟನು ಮತ್ತೇನನ್ನೋ ಅಂದಾನು. ಗೌರವದ ಹೆಸರೂ ಗೇಲಿಯ ಹೆಸರೂ ಒಂದೇ ನಿಯಮದ ಎರಡು ಮಕ್ಕಳೆಂದರೆ ತಪ್ಪಾಗದು.

ಇಂತಹ ಹೆಸರುಗಳ ಉದಾಹರಣೆಗಳೇನಾದರೂ ಉಳಿದಿವೆಯೇ ಎಂದರೆ, ಅವು ಉಳಿದಿರುವುದು ಯಾರೂ ನಿರೀಕ್ಷಿಸದ ಸ್ಥಳದಲ್ಲಿ, ಅಂದರೆ ವ್ಯಾಕರಣ ಶಾಸ್ತ್ರದಲ್ಲಿ. ನಿಂದೆಯನ್ನು ಸೂಚಿಸುವ ಸಮಾಸಗಳು ಹೇಗಾಗುವುವೆಂದು ಪಾಣಿನಿಯು ಕೆಲವು ಸೂತ್ರಗಳನ್ನು ರಚಿಸಿರುವನು. ಆ ಸೂತ್ರಗಳಿಗೆ ಉದಾಹರಣೆಗಳನ್ನು ಕೊಡುವಾಗ ವ್ಯಾಖ್ಯಾನಕಾರರು ತಮ್ಮ ಸುತ್ತಣ ಪಾಠಶಾಲೆಗಳ ಬೈಗುಳಗಳನ್ನೇ ಎತ್ತಿಕೊಂಡಿರುವರು. ಏಳನೆಯ ಶತಮಾನದ ಕಾಶಿಕಾವೃತ್ತಿಯಲ್ಲಿ ‘ವೈಯಾಕರಣಖಸೂಚಿ’ ಎಂಬ ಪದವಿದೆ. ‘ಖ’ ಎಂದರೆ ಆಕಾಶ. ಪ್ರಶ್ನೆ ಕೇಳಿದಾಗ ಉತ್ತರ ತೋರದೆ ಆಕಾಶದ ಕಡೆಗೆ ಸೂಚಿಸುವ ವೈಯಾಕರಣನು ಖಸೂಚಿ. ಕೇಳಿದ ಪ್ರಶ್ನೆಗೆ ಉತ್ತರವನ್ನು ತೊಲೆಗಳಲ್ಲಿ ಹುಡುಕುವ ಪಂಡಿತರನ್ನು ಕಂಡವರಿಗೆ ಈ ಪದದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಡಿತನ ಇಡೀ ಅವಸ್ಥೆಯನ್ನು ಎರಡು ಪದಗಳ ಸಮಾಸದಲ್ಲಿ ಹಿಡಿದವನು ಉತ್ತರಕ್ಕಾಗಿ ಕಾದು ಕುಳಿತಿದ್ದವನೇ ಆಗಿರಬೇಕು.

ನ್ಯಾಯವಾಗಿ ಹೇಳುವುದಾದರೆ ಗುರುಗಳ ಪಕ್ಷವೂ ಸುಮ್ಮನಿರಲಿಲ್ಲ. ಒಂದು ಗುರುಕುಲದಲ್ಲಿ ನಿಲ್ಲದೆ ಊರೂರು ಸುತ್ತುವ ಶಿಷ್ಯನನ್ನು, ತೀರ್ಥಘಟ್ಟದಲ್ಲಿ ಬಹಳ ಹೊತ್ತು ನಿಲ್ಲದ ಕಾಗೆಗೆ ಹೋಲಿಸಿ, ‘ತೀರ್ಥಕಾಕ’ನೆಂದು ಕರೆಯುತ್ತಿದ್ದರೆಂದು ಪತಂಜಲಿಯ ಮಹಾಭಾಷ್ಯದಿಂದ ತಿಳಿಯುವುದು. ವಿದ್ಯಾಭ್ಯಾಸವನ್ನು ಮುಗಿಸಿ, ಸ್ನಾತಕನಾಗಿ, ಗುರುವಿನ ಅಪ್ಪಣೆ ಪಡೆದ ಮೇಲೆ ಮಂಚವನ್ನೇರಬೇಕಾದವನು ಮೊದಲೇ ಏರಿಬಿಟ್ಟರೆ ಅವನು ‘ಖಟ್ವಾರೂಢ’. ಅನ್ನದ ಆಸೆಗಾಗಿ ಪಾಣಿನೀಯವನ್ನು ಓದಲು ಬಂದವರು ‘ಓದನಪಾಣಿನೀಯ’ರು. ಹೀಗೆ ಇತ್ತಂಡಗಳ ನಡುವೆ ನಡೆದ ವಿನಿಮಯದಲ್ಲಿ ಯಾರ ಋಣವೂ ಬಾಕಿ ಉಳಿದಂತೆ ಕಾಣುವುದಿಲ್ಲ.

ಇಷ್ಟೇ ಅಲ್ಲ, ಕೇಳುವುದಕ್ಕೆ ಗೇಲಿಯಂತೆ ತೋರುವ ಹೆಸರುಗಳು ಪೂಜ್ಯತೆಯನ್ನು ಪಡೆದುದೂ ಉಂಟು. ನ್ಯಾಯದರ್ಶನದ ಮೂಲಪುರುಷನಾದ ಗೌತಮನನ್ನು ಅಕ್ಷಪಾದ, ಎಂದರೆ ಪಾದದಲ್ಲಿ ಕಣ್ಣುಳ್ಳವನು ಎನ್ನುವರು. ವೈಶೇಷಿಕ ದರ್ಶನದ ಕಣಾದನ ಹೆಸರಿಗೆ ಕಣಗಳನ್ನು ತಿನ್ನುವವನೆಂದು ಅರ್ಥ. ಅವನಿಗೆ ಉಲೂಕನೆಂದೂ ಹೆಸರಿದೆ. ಉಲೂಕವೆಂದರೆ ಗೂಬೆ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಹುಟ್ಟಿದ ಸರ್ವದರ್ಶನಸಂಗ್ರಹದಲ್ಲಿ ಆ ಎರಡು ಅಧ್ಯಾಯಗಳಿಗೆ ಅಕ್ಷಪಾದದರ್ಶನ, ಔಲೂಕ್ಯದರ್ಶನ ಎಂದೇ ಶೀರ್ಷಿಕೆಗಳಿವೆ. ಶಿಷ್ಯಪರಂಪರೆಯು ಪ್ರೀತಿಯಿಂದ ಹೊತ್ತುಕೊಂಡು ನಡೆದರೆ ಗೂಬೆಯ ಹೆಸರೂ ಒಂದು ದರ್ಶನದ ಹೆಸರಾಗುವುದು.

ಎಲ್ಲ ಹೆಸರುಗಳಿಗೂ ಈ ಭಾಗ್ಯ ಒದಗಲಿಲ್ಲ. ಶಿಷ್ಯನೊಬ್ಬನ ಒಂದೇ ವಿಶೇಷಣದಿಂದ ಗುರುವಿನ ಉಳಿದ ಜೀವಿತವೆಲ್ಲ ಮುಚ್ಚಿಹೋದ ನಿದರ್ಶನವು ಪ್ರಾಚೀನ ರೋಮಿನ ಚರಿತ್ರೆಯಲ್ಲಿ ದೊರೆಯುವುದು. ಲ್ಯಾಟಿನ್ ಭಾಷೆಯ ಮಹಾಕವಿಗಳಲ್ಲೊಬ್ಬನಾದ ಹೊರೇಸನು ಹುಟ್ಟಿದ್ದು ಕ್ರಿ. ಪೂ. ೬೫ರಲ್ಲಿ. ಅವನ ತಂದೆ ದಾಸ್ಯದಿಂದ ಬಿಡುಗಡೆ ಪಡೆದವನು; ಮಗನಿಗೆ ಒಳ್ಳೆಯ ವಿದ್ಯೆ ದೊರೆಯಲೆಂದು ಅವನನ್ನು ರೋಮಿಗೆ ಕರೆತಂದು, ತಾನೇ ಜೊತೆಯಲ್ಲಿ ಉಪಾಧ್ಯಾಯರ ಬಳಿಗೆ ಹೋಗಿಬರುತ್ತಿದ್ದನು. ಆ ಉಪಾಧ್ಯಾಯರಲ್ಲಿ ಒಬ್ಬನು ಆರ್ಬಿಲಿಯಸ್. ಮುಂದೆ ಹೊರೇಸನು ಕೀರ್ತಿವಂತನಾಗಿ, ಚಕ್ರವರ್ತಿಯಾದ ಅಗಸ್ಟಸನಿಗೆ ಪದ್ಯರೂಪದಲ್ಲಿ ಪತ್ರವನ್ನು ಬರೆಯುವಾಗ, ತನ್ನ ಬಾಲ್ಯದಲ್ಲಿ ಹಳೆಯ ಕವಿಯೊಬ್ಬನ ಕಾವ್ಯವನ್ನು ಹೇಳಿ ಬರೆಯಿಸುತ್ತಿದ್ದ ಈ ಗುರುವನ್ನು ನೆನೆದು, ಅವನ ಹೆಸರಿಗೆ ‘ಪ್ಲಾಗೋಸಸ್’ ಎಂಬ ವಿಶೇಷಣವನ್ನು ಅಂಟಿಸಿದನು. ಏಟು ಕೊಡುವುದರಲ್ಲಿ ಆಸೆಯುಳ್ಳವನೆಂದು ಅದರ ಅರ್ಥ. ನಮ್ಮ ಹುಡುಗರ ಮಾತಿನಲ್ಲಿ ‘ಬಡಿಗೆ ಮೇಷ್ಟ್ರು’ ಎನ್ನಬಹುದು. ಅಂದಿನಿಂದ ಇಂದಿನವರೆಗೆ, ಎರಡು ಸಾವಿರ ವರ್ಷಗಳ ಮೇಲೂ, ಹೊರೇಸನನ್ನು ಓದುವವರಿಗೆಲ್ಲ ಆರ್ಬಿಲಿಯಸನು ಬೆತ್ತವನ್ನು ಹಿಡಿದುಕೊಂಡೇ ನಿಂತಿರುವನು. ಯೂರೋಪಿನಲ್ಲಿ ಕ್ರೂರನಾದ ಉಪಾಧ್ಯಾಯನಿಗೆ ಅವನ ಹೆಸರೇ ಪರ್ಯಾಯಪದವಾಯಿತು.

ಅದೃಷ್ಟವಶಾತ್ ಸ್ವೆಟೋನಿಯಸನೆಂಬ ಚರಿತ್ರಕಾರನು ಕ್ರಿ. ಶ. ಎರಡನೆಯ ಶತಮಾನದಲ್ಲಿ ರೋಮಿನ ವ್ಯಾಕರಣೋಪಾಧ್ಯಾಯರ ಚರಿತ್ರೆಗಳನ್ನು ಸಂಗ್ರಹಿಸಿದನು. ಅದರಿಂದ ಆರ್ಬಿಲಿಯಸನ ಬಾಳಿನ ಉಳಿದ ಭಾಗವೂ ನಮಗೆ ತಿಳಿದುಬರುವುದು. ಬೆನೆವೆಂಟಂ ಎಂಬ ಊರಿನ ಈ ಮನುಷ್ಯನ ತಂದೆತಾಯಿಗಳನ್ನು ಶತ್ರುಗಳು ಮೋಸದಿಂದ ಒಂದೇ ದಿನದಲ್ಲಿ ಕೊಂದರು. ಅನಾಥನಾದ ಹುಡುಗನು ಮೊದಲು ಅಧಿಕಾರಿಗಳ ಬಳಿ ಸಣ್ಣ ಚಾಕರಿಯನ್ನು ಮಾಡಿ, ಆಮೇಲೆ ಸೈನ್ಯವನ್ನು ಸೇರಿ ಮ್ಯಾಸಿಡೋನಿಯದಲ್ಲಿ ದುಡಿದನು. ಸೈನ್ಯದ ಕೆಲಸ ಮುಗಿದ ಮೇಲೆ, ಬಾಲ್ಯದಲ್ಲಿ ತಾನು ಪ್ರೀತಿಯಿಂದ ಆರಂಭಿಸಿದ್ದ ವ್ಯಾಸಂಗಕ್ಕೆ ಹಿಂದಿರುಗಿ, ಊರಿನಲ್ಲಿ ಬಹುಕಾಲ ಪಾಠ ಹೇಳಿ, ಸಿಸಿರೊ ಕಾನ್ಸಲ್ ಆಗಿದ್ದ ಕ್ರಿ. ಪೂ. ೬೩ರಲ್ಲಿ, ತನ್ನ ಐವತ್ತನೆಯ ವಯಸ್ಸಿನಲ್ಲಿ, ರೋಮಿಗೆ ಬಂದನು. ಅಲ್ಲಿ ಅವನಿಗೆ ದೊರೆತದ್ದು ಕೀರ್ತಿ ಹೆಚ್ಚು, ಹಣ ಕಡಮೆ. ಮುದಿತನದಲ್ಲಿ ತಾನು ಬಡವನಾಗಿ ಹೆಂಚಿನ ಕೆಳಗಣ ಅಟ್ಟದಲ್ಲಿ ವಾಸಿಸುತ್ತಿರುವೆನೆಂದು ಅವನೇ ಬರೆದುಕೊಂಡನು. ತಂದೆತಾಯಿಗಳ ಅಲಕ್ಷ್ಯದಿಂದಲೂ ದುರಾಶೆಯಿಂದಲೂ ಉಪಾಧ್ಯಾಯರಿಗಾಗುವ ಅನ್ಯಾಯಗಳನ್ನು ಕುರಿತು ಒಂದು ಗ್ರಂಥವನ್ನೂ ರಚಿಸಿದನು. ಹತ್ತಿರ ಹತ್ತಿರ ನೂರು ವರ್ಷ ಬದುಕಿದ ಅವನಿಗೆ ಕೊನೆಯ ಕಾಲದಲ್ಲಿ ಜ್ಞಾಪಕಶಕ್ತಿಯು ಕುಂದಿಹೋಗಿತ್ತು. ಅವನ ಊರಿನಲ್ಲಿ ಅವನ ಅಮೃತಶಿಲೆಯ ಪ್ರತಿಮೆಯು ಇದ್ದಿತು. ಅದರಲ್ಲಿ ಅವನು ಕುಳಿತಿದ್ದನು, ಪಕ್ಕದಲ್ಲಿ ಎರಡು ಪುಸ್ತಕದ ಪೆಟ್ಟಿಗೆಗಳಿದ್ದುವು. ಬೆತ್ತವಿದ್ದುದಾಗಿ ಹೇಳಿಲ್ಲ.

ಆದುದರಿಂದ ಹೊರೇಸನ ಮಾತು ಸುಳ್ಳೆನ್ನೋಣವೆ? ಹಾಗೆನ್ನುವುದಕ್ಕಿಲ್ಲ. ಆರ್ಬಿಲಿಯಸನು ಕಟುಸ್ವಭಾವದವನೆಂದು ಸ್ವೆಟೋನಿಯಸನೂ ಒಪ್ಪಿರುವನು. ಅವನ ಕೋಲನ್ನೂ ಚಾವಟಿಯನ್ನೂ ಇನ್ನೊಬ್ಬ ಕವಿಯೂ ನೆನೆದಿರುವನು. ಅವನ ನಾಲಗೆಯೂ ಬೆತ್ತದಷ್ಟೇ ಚುರುಕಾಗಿದ್ದಿತು. ಒಮ್ಮೆ ನ್ಯಾಯಸ್ಥಾನದಲ್ಲಿ ಎದುರು ಪಕ್ಷದ ವಕೀಲನು ಅವನ ಕಸುಬೇನೆಂದು ಕೇಳಿದಾಗ, ಗೂನು ಬೆನ್ನಿನವರನ್ನು ಬಿಸಿಲಿನಿಂದ ನೆರಳಿಗೆ ಸಾಗಿಸುವುದೇ ತನ್ನ ಕಸುಬೆಂದು ಉತ್ತರವಿತ್ತನಂತೆ. ಆ ವ್ಯಾಜ್ಯದಲ್ಲಿದ್ದ ಮುರೇನನಿಗೆ ಗೂನು ಇದ್ದಿತು. ಪರರ ಊನವನ್ನು ಹೀಗೆ ಆಡಿಕೊಂಡವನಿಗೆ ಶಿಷ್ಯನಿಂದಲೇ ಮರುಪಾವತಿಯಾಯಿತು. ಹೊರೇಸನ ಪದ ನಿಜ. ಆದರೆ ಅದು ಪೂರ್ಣವಾದ ನಿಜವಲ್ಲ. ಬೆನ್ನಿನ ಮೇಲೆ ಏಟು ಬಿದ್ದವನಿಗೆ ಏಟು ಕೊಟ್ಟವನ ಬಡತನವೂ ಅನಾಥತ್ವವೂ ಕಾಣುವುದಿಲ್ಲ. ಕಾಣಬೇಕೆಂದು ಹತ್ತು ವರ್ಷದ ಹುಡುಗನನ್ನು ಒತ್ತಾಯಿಸುವುದೂ ನ್ಯಾಯವಲ್ಲ.

ಹುಡುಗರ ತೀರ್ಪು ಯಾವಾಗಲೂ ಒಂದೇ ಕಡೆಗೆ ವಾಲುವುದೆಂದು ತಿಳಿಯಬಾರದು. ಬೆತ್ತದ ಆಳ್ವಿಕೆಯು ಯೂರೋಪಿನ ಶಾಲೆಗಳಲ್ಲಿ ರೋಮನರ ಕಾಲಕ್ಕೆ ಮುಗಿಯದೆ ನಮ್ಮ ಕಾಲದ ಹತ್ತಿರದವರೆಗೂ ನಡೆದುಬಂದಿತು. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ೧೮೫೮ರಿಂದ ೧೮೬೯ರವರೆಗೆ ಮುಖ್ಯೋಪಾಧ್ಯಾಯನಾಗಿದ್ದು, ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ ಫ್ರೆಡರಿಕ್ ಟೆಂಪಲ್ ಎಂಬುವನನ್ನು ಒಬ್ಬ ವಿದ್ಯಾರ್ಥಿಯು ‘ಮೃಗವೇ ಸರಿ, ಆದರೆ ನ್ಯಾಯವಂತ ಮೃಗ’ ಎಂದು ವರ್ಣಿಸಿದನೆಂಬ ಮಾತು ಪ್ರಸಿದ್ಧವಾಗಿದೆ. ಗುಣದೋಷಗಳೆರಡನ್ನೂ ಇಷ್ಟು ಕಡಮೆ ಪದಗಳಲ್ಲಿ ತೂಗಿದ ಪ್ರಮಾಣಪತ್ರವನ್ನು ಯಾವ ಇನ್‌ಸ್ಪೆಕ್ಟರನೂ ಬರೆದಿರಲಾರನು.

ಆದರೆ ಏಟು ಕೊಟ್ಟವನಿಗೆ ಹೆಸರು ಬಿದ್ದರೆ ಅದರಲ್ಲಿ ಒಂದು ಲೆಕ್ಕಾಚಾರವುಂಟು. ಯಾರನ್ನೂ ಹೆದರಿಸಲಾರದ ಉಪಾಧ್ಯಾಯನಿಗೆ ಬಿದ್ದರೆ ಏನಾಗುವುದು? ಇದಕ್ಕೆ ಫ್ರಾನ್ಸ್ ದೇಶದ ರೆನ್ ಪಟ್ಟಣದ ಪ್ರೌಢಶಾಲೆಯ ವೃತ್ತಾಂತವು ಉತ್ತರವಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಎಬೇರ್ ಎಂಬ ಭೌತಶಾಸ್ತ್ರದ ಉಪಾಧ್ಯಾಯನಿದ್ದನು. ಸ್ಥೂಲಕಾಯನಾದ ಈತನಿಗೆ ತರಗತಿಯನ್ನು ಹತೋಟಿಯಲ್ಲಿಡುವ ಶಕ್ತಿಯಿರಲಿಲ್ಲ. ಹುಡುಗರು ಅವನ ಹೆಸರನ್ನು ಎಬ್, ಎಬೇ ಎಂದು ನಾನಾ ಬಗೆಯಾಗಿ ತಿರುಚಿ, ಅವನನ್ನು ಕುರಿತು ಕಥೆಗಳನ್ನು ಕಟ್ಟಿ, ತಲೆಮಾರಿನಿಂದ ತಲೆಮಾರಿಗೆ ಸಾಗಿಸುತ್ತಿದ್ದರು. ಮೊರಾಂ ಮನೆತನದ ಸಹೋದರರು ಈ ಕಥೆಗಳಲ್ಲೊಂದನ್ನು ನಾಟಕವಾಗಿ ಬರೆದರು. ಅದರಲ್ಲಿ ಅವರ ಉಪಾಧ್ಯಾಯನು ಪೋಲೆಂಡಿನ ರಾಜನಾಗಿಬಿಟ್ಟಿದ್ದನು. ೧೮೮೮ರಲ್ಲಿ ಆ ಶಾಲೆಗೆ ಹದಿನೈದು ವರ್ಷದ ಆಲ್ಫ್ರೆಡ್ ಜಾರಿ ಎಂಬ ಹುಡುಗನು ಬಂದು ಸೇರಿದನು. ಹುಡುಗರು ಆ ನಾಟಕವನ್ನು ಮನೆಗಳಲ್ಲಿ ಆಡಿದರು, ಗೊಂಬೆಯಾಟವಾಗಿಯೂ ಆಡಿಸಿದರು.

ಇದು ಇಲ್ಲಿಗೇ ನಿಂತಿದ್ದರೆ ಎಲ್ಲ ಶಾಲೆಗಳ ಕಥೆಗಳಂತೆ ಆ ಹುಡುಗರೊಡನೆಯೇ ಮುಗಿಯುತ್ತಿತ್ತು. ಆದರೆ ಜಾರಿಯು ಪ್ಯಾರಿಸಿಗೆ ಹೋಗಿ ಸಾಹಿತಿಯಾದನು. ಉಪಾಧ್ಯಾಯನ ಹೆಸರು ಅವನ ಕೈಯಲ್ಲಿ ‘ಉಬು’ ಎಂದಾಯಿತು. ೧೮೯೬ರ ಡಿಸೆಂಬರ್ ೧೦ರಂದು ಪ್ಯಾರಿಸಿನ ರಂಗಭೂಮಿಯ ಮೇಲೆ ‘ಉಬು ರಾಜ’ನು ಕಾಣಿಸಿಕೊಂಡು, ಬಾಯಿ ತೆರೆದ ಮೊದಲ ಮಾತಿಗೇ ಒಂದು ಅಸಭ್ಯ ಪದವನ್ನು ಉಚ್ಚರಿಸಲು, ಸಭೆಯಲ್ಲಿ ದೊಡ್ಡ ಗದ್ದಲವೆದ್ದಿತು. ಹೊಟ್ಟೆಬಾಕ, ಹೇಡಿ, ಲೋಭಿಯಾದ ಈ ಉಬುವು ಪೋಲೆಂಡಿನ ರಾಜನನ್ನು ಕೊಂದು ಸಿಂಹಾಸನವೇರಿ, ಶ್ರೀಮಂತರನ್ನೂ ನ್ಯಾಯಾಧಿಪತಿಗಳನ್ನೂ ಬಲಿಗೊಟ್ಟು, ಪ್ರಜೆಗಳನ್ನು ತೆರಿಗೆಯಿಂದ ಹಿಂಡುವನು. ಅಂದಿನ ಪ್ರೇಕ್ಷಕರಲ್ಲಿ ಐರ್ಲೆಂಡಿನ ಕವಿ ಯೇಟ್ಸನೂ ಒಬ್ಬನಾಗಿದ್ದು, ಮುಂದೆ ಬರಲಿರುವ ಕಾಲವನ್ನು ನೆನೆದು ತನ್ನಲ್ಲಿ ಹುಟ್ಟಿದ ಕಳವಳವನ್ನು ಆತ್ಮಕಥೆಯಲ್ಲಿ ದಾಖಲಿಸಿರುವನು. ಇಪ್ಪತ್ತನೆಯ ಶತಮಾನದ ನಾಟಕಕಲೆಯ ಹೊಸ ಹಾದಿಗಳಿಗೆ ಈ ನಾಟಕವೇ ಮೊದಲ ಮೈಲಿಗಲ್ಲೆಂದು ವಿಮರ್ಶಕರು ಎಣಿಸುವರು. ಕ್ರೌರ್ಯವೂ ಅಸಂಬದ್ಧತೆಯೂ ಕೂಡಿದ ಅಧಿಕಾರಕ್ಕೆ ಫ್ರೆಂಚ್ ಭಾಷೆಯಲ್ಲಿ ಉಬುವಿನ ಹೆಸರಿನಿಂದಲೇ ಒಂದು ವಿಶೇಷಣವು ಹುಟ್ಟಿ ನಿಘಂಟುಗಳನ್ನು ಸೇರಿತು.

ಈ ಪಾತ್ರದ ಮೂಲವು ಶಾಲೆಯ ಅಡ್ಡಹೆಸರೆಂಬುದನ್ನು ಶಾರ್ಲ್ ಶಾಸ್ಸೆ ಎಂಬ ವಿಮರ್ಶಕನು ೧೯೨೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ರಾಜಹತ್ಯೆ ಮಾಡಿದ ಉಬುವಿಗೂ ಗದ್ದಲವನ್ನು ಅಡಗಿಸಲಾರದೆ ಕರಿಯ ಹಲಗೆಯ ಮುಂದೆ ನಿಂತ ಉಪಾಧ್ಯಾಯನಿಗೂ ಏನು ಸಂಬಂಧ? ಆತನ ದುರ್ಬಲತೆಯೇ ಹುಡುಗರ ಕಲ್ಪನೆಗೆ ಬಯಲಾಯಿತು. ಹೆದರಿಸದವನ ಮೇಲೆ ಹೆದರಿಕೆಯಿಲ್ಲದೆ ಏನನ್ನಾದರೂ ಹೊರಿಸಬಹುದಷ್ಟೆ. ಆತನ ಪಾಠದಿಂದ ಯಾವ ಹುಡುಗನು ಏನನ್ನು ಕಲಿತನೆಂಬುದನ್ನು ಆ ನಾಟಕವು ಹೇಳುವುದಿಲ್ಲ. ಹೊರೇಸನ ಪದದಲ್ಲಿ ಅರ್ಧ ನಿಜವಾದರೂ ಇದ್ದಿತು. ಇಲ್ಲಿ ಹೆಸರು ಮನುಷ್ಯನನ್ನು ಬಿಟ್ಟು ಹಾರಿಹೋಯಿತು.

ಹಾರಿಹೋದ ಹೆಸರು ಹೋಗಿ ಕುಳಿತದ್ದಾದರೂ ಎಲ್ಲಿ? ಜಾರಿಯು ಉಬುವಿನ ಧಾಟಿಯಲ್ಲಿಯೇ ಮಾತನಾಡಲು ತೊಡಗಿದನು. ತನ್ನನ್ನು ‘ನಾವು’ ಎಂದು ಕರೆದುಕೊಂಡನು. ಗೆಳೆಯರೂ ಅವನನ್ನು ಉಬು ಎಂದೇ ಕೂಗಿದರು. ಬಡತನದಿಂದಲೂ ಕುಡಿತದಿಂದಲೂ ಜರ್ಝರಿತನಾಗಿ ೧೯೦೭ರ ನವೆಂಬರ್ ೧ರಂದು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಗುರುವಿಗೆ ಹೊಲಿದ ಅಂಗಿಯನ್ನು ಶಿಷ್ಯನೇ ತೊಟ್ಟುಕೊಂಡು, ಕೊನೆಯವರೆಗೆ ಅದನ್ನು ಕಳಚಲಾರದೆ ಹೋದನು. ಪರಿವಾದವನ್ನಾಡಿದವನಿಗೆ ಮನುವು ವಿಧಿಸಿದ ಮರುಜನ್ಮಕ್ಕಾಗಿ ಇಲ್ಲಿ ಕಾಯಬೇಕಾಗಲಿಲ್ಲ.

ಹೆಸರನ್ನು ಪಡೆದ ಪಕ್ಷದವರೇ ಅದನ್ನು ನಗುತ್ತ ಸ್ವೀಕರಿಸಿದ ನಿದರ್ಶನಕ್ಕಾಗಿ ಜಪಾನ್ ದೇಶದ ಕಡೆಗೆ ನೋಡಬೇಕು. ಅಲ್ಲಿನ ಪ್ರಸಿದ್ಧ ಕಾದಂಬರಿಕಾರನಾದ ನಾತ್ಸುಮೆ ಸೋಸೆಕಿಯು ೧೮೯೫ರಲ್ಲಿ ಮಾತ್ಸುಯಾಮಾ ಪಟ್ಟಣದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಆ ಪಟ್ಟಣದ ನೆನಪಿನಿಂದ ೧೯೦೬ರಲ್ಲಿ ಅವನು ಬರೆದ ‘ಬೋಚ್ಚಾನ್’ ಎಂಬ ಕಥೆಯಲ್ಲಿ, ಹೊಸದಾಗಿ ಬಂದ ತರುಣ ಉಪಾಧ್ಯಾಯನು ಒಂದು ಸಂಜೆ ಅಂಗಡಿಯಲ್ಲಿ ತೆಂಪುರಾ ಎಂಬ ಕರಿದ ತಿಂಡಿ ಹಾಕಿದ ಶಾವಿಗೆಯನ್ನು ನಾಲ್ಕು ಬಟ್ಟಲು ತಿನ್ನುವನು. ಮರುದಿನ ತರಗತಿಗೆ ಹೋದರೆ ಹಲಗೆಯ ಮೇಲೆ ‘ತೆಂಪುರಾ ಮೇಷ್ಟ್ರು’ ಎಂದು ದಪ್ಪಕ್ಷರಗಳಲ್ಲಿ ಬರೆದಿರುವುದು! ಆದರೆ ಇದೇ ಉಪಾಧ್ಯಾಯನು ತಾನು ಬಂದಿಳಿದ ಕೂಡಲೆ ಸಹೋದ್ಯೋಗಿಗಳಿಗೆಲ್ಲ ಕೆಂಪಂಗಿ, ಮುಳ್ಳುಹಂದಿ ಎಂದು ಮುಂತಾಗಿ ಹೆಸರಿಟ್ಟವನು. ಪಾಠಶಾಲೆಯ ಒಳಗಿನವನೇ ಬರೆದುದರಿಂದ ಈ ಕಥೆಯಲ್ಲಿ ಒಂದು ಸಮತೂಕವಿದೆ: ಹೆಸರಿಡುವವನು ಬಾಲಕನೇ ಆಗಬೇಕಾಗಿಲ್ಲ, ಹೆಸರು ಬೀಳದಂತೆ ಬದುಕುವುದು ಯಾರಿಗೂ ಸಾಧ್ಯವಿಲ್ಲ.

ನಮ್ಮ ಕನ್ನಡ ನಾಡಿನಲ್ಲಿ ಉಪಾಧ್ಯಾಯನಿಗೆ ಬಂದಿರುವ ಹೆಸರುಗಳ ಪರಂಪರೆಯೂ ಸ್ವಾರಸ್ಯವಾದುದು. ‘ಉಪಾಧ್ಯಾಯ’ ಶಬ್ದವು ಪ್ರಾಕೃತದ ಮೂಲಕ ಇಳಿದು ಹಳಗನ್ನಡದಲ್ಲಿ ‘ಓಜ’ ಎಂದಾಯಿತು; ‘ನಾಡೋಜ’ನೆಂದರೆ ನಾಡಿನ ಗುರು. ಕೂಲಿಮಠಗಳ ಕಾಲಕ್ಕೆ ‘ಐಗಳು’ ಬಂದರು, ಮರಾಠಿಯ ಕಡೆಯಿಂದ ‘ಪಂತೋಜಿ’ಗಳು ಬಂದರು, ಇಂಗ್ಲಿಷಿನ ‘ಮಾಸ್ಟರ್’ ಎಂಬುದು ಧಾರವಾಡದ ಸೀಮೆಯಲ್ಲಿ ‘ಮಾಸ್ತರ’ರಾಗಿ, ಮೈಸೂರಿನ ಸೀಮೆಯಲ್ಲಿ ‘ಮೇಷ್ಟ್ರು’ ಆಗಿ ನೆಲೆಸಿತು. ‘ಅಡ್ಡಹೆಸರು’ ಎಂಬ ಮಾತಿನ ಅರ್ಥವೂ ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುವುದು. ಮೈಸೂರಿನವನಿಗೆ ಅದು ತಮಾಷೆಯ ಹೆಸರು. ಉತ್ತರ ಕರ್ನಾಟಕದವನಿಗೆ ಮನೆತನದ ಹೆಸರು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಮನೆತನದ ಹೆಸರುಗಳನ್ನು ಕೇಳಿ ಹಳೆಯ ಮೈಸೂರಿನವರು ನಗಬಹುದು. ಅವನ್ನು ಹೊತ್ತವರು ನಗುವುದಿಲ್ಲ. ಒಂದು ಕಾಲದ ಗೇಲಿಯು ಇನ್ನೊಂದು ಕಾಲಕ್ಕೆ ವಂಶದ ಗೌರವವಾಗಬಲ್ಲುದೆಂಬುದನ್ನು ಈ ಒಂದು ಮಾತೇ ತೋರಿಸುವುದು.

ನಮ್ಮ ಕಾಲೇಜುಗಳಲ್ಲಿ ಇನ್ನೊಂದು ಪದ್ಧತಿಯೂ ಬೆಳೆಯಿತು. ಗುರುವಿನ ಪೂರ್ಣ ಹೆಸರನ್ನು ಹೇಳಲು ಸಂಕೋಚಪಟ್ಟ ವಿದ್ಯಾರ್ಥಿಗಳು ಮೊದಲಕ್ಷರಗಳನ್ನೇ ಹೆಸರಾಗಿ ಮಾಡಿಕೊಂಡರು. ಬಿ. ಎಂ. ಶ್ರೀಕಂಠಯ್ಯನವರು (೧೮೮೪–೧೯೪೬) ‘ಬಿ. ಎಂ. ಶ್ರೀ’ ಆದರು. ಅವರು ಕಲಿಸುತ್ತಿದ್ದುದು ಇಂಗ್ಲಿಷ್ ಸಾಹಿತ್ಯ. ನಾಡು ಅವರಿಗೆ ಕೊಟ್ಟ ಹೆಸರು ‘ಕನ್ನಡದ ಕಣ್ವ’. ಕಣ್ವನು ತನ್ನಲ್ಲಿ ಹುಟ್ಟದ ಶಕುಂತಲೆಯನ್ನು ಸಾಕಿ ಬೆಳೆಸಿದವನೆಂಬುದನ್ನು ನೆನೆದರೆ, ಇಂಗ್ಲಿಷ್ ಗೀತಗಳನ್ನು ತಂದು ಕನ್ನಡದ ಮನೆಯಲ್ಲಿ ಬೆಳೆಸಿದ ಪ್ರಾಧ್ಯಾಪಕರಿಗೆ ಆ ಹೆಸರು ಎಷ್ಟು ಒಪ್ಪುವುದೆಂಬುದು ತಿಳಿಯುವುದು. ಖಸೂಚಿಯನ್ನು ಕಂಡುಹಿಡಿದ ಕಣ್ಣೇ ಕಣ್ವನನ್ನೂ ಕಂಡುಹಿಡಿಯಬಲ್ಲುದು.

ಈ ನಿದರ್ಶನಗಳಿಂದ ತಿಳಿದುಬರುವುದೇನೆಂದರೆ, ಅಡ್ಡಹೆಸರು ಸಾಕ್ಷಿಯೇ ಹೊರತು ನ್ಯಾಯಾಧಿಪತಿಯಲ್ಲ. ಬೆತ್ತ, ಕೆಮ್ಮು, ಆಕಾಶದ ಕಡೆಗೆ ಹೋದ ದೃಷ್ಟಿ, ತಿಂದ ತಿಂಡಿ ಇವುಗಳಲ್ಲಿ ಯಾವುದಾದರೊಂದನ್ನು ಅದು ಕಂಡಂತೆ ಹೇಳುವುದು, ಕಾಣದುದನ್ನು ಹೇಳಲಾರದು. ಹುಡುಗನಿಗೆ ಅಷ್ಟೇ ಸಾಕು. ಅವನಿಗೆ ಬೇರೆ ನ್ಯಾಯಸ್ಥಾನವಿಲ್ಲ. ಆದರೆ ಹುಡುಗನು ಬೆಳೆದು ದೊಡ್ಡವನಾಗುವನು, ಲೇಖನಿಯನ್ನು ಹಿಡಿಯುವನು. ಆಗ ಅವನ ಹೊಣೆಯೂ ಬೆಳೆಯಬೇಕು. ಹೊರೇಸನಿಗೆ ತನ್ನ ಗುರುವಿನ ಅಟ್ಟದ ಮನೆಯ ವಿಷಯವಾಗಿ ಒಂದು ಪಂಕ್ತಿಯನ್ನು ಬರೆಯಲು ಶಕ್ತಿಯಿರಲಿಲ್ಲವೆಂದಲ್ಲ. ಅವನು ಬರೆಯಲಿಲ್ಲ, ಅಷ್ಟೆ. ಆ ಕೆಲಸವನ್ನು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಆರ್ಬಿಲಿಯಸನ ಮುಖವನ್ನೇ ಕಾಣದ ಸ್ವೆಟೋನಿಯಸನು ಮಾಡಬೇಕಾಯಿತು.

ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಪಾಠ ಹೇಳಿ ಹೋದ ಹಿಂದಿನ ತಲೆಮಾರಿನ ಉಪಾಧ್ಯಾಯರಲ್ಲಿ ಬಹುಮಂದಿಗೆ ಪ್ರತಿಮೆಗಳಿಲ್ಲ, ಚರಿತ್ರಕಾರರಿಲ್ಲ. ಹಳೆಯ ವಿದ್ಯಾರ್ಥಿಗಳು ಸೇರಿದಲ್ಲಿ ಅವರ ಅಡ್ಡಹೆಸರುಗಳು ಇನ್ನೂ ನಗುವಿನೊಡನೆ ಓಡಾಡುತ್ತಿವೆ. ಆ ನಗುವನ್ನು ನಿಲ್ಲಿಸಬೇಕಾಗಿಲ್ಲ. ನೆನಪುಗಳನ್ನು ಬರೆಯುವವರು ಆ ಹೆಸರನ್ನೂ ಬರೆಯಲಿ, ಅದು ಬಂದ ಕಥೆಯನ್ನೂ ಬರೆಯಲಿ. ಅದರ ಪಕ್ಕದಲ್ಲಿಯೇ ಅವರ ನಿಜವಾದ ಹೆಸರನ್ನೂ, ಅವರು ಕಲಿಸಿದ್ದರಲ್ಲಿ ಇಂದಿಗೂ ಮರೆಯದ ಒಂದು ಪಾಠವನ್ನೂ ಬರೆದಿಡಲಿ.